ಬಾನೆಟ್ಟಿನ ಮೇಲಿನ ಘೋಷಣೆ

ನವೆಂಬರ್ ೪, ಮಂಗಳವಾರ — ಬೆಳಿಗ್ಗೆ ೬

ಯೋಜನೆಗೆಂದು ನಮ್ಮ ನೆಲ ಬಿಡಿಸುವಾಗ ಸರಕಾರ ಕೊಟ್ಟ ಮಾತು: ನಿರಾಶ್ರಿತರ ಕಾಲನಿಗೊಂದು ಆಂಬುಲೆನ್ಸ್. ವಾರಕ್ಕೆ ಎರಡು ಸಲ ನರ್ಸ್. ಔಷಧದ ಕೋಣೆ.
ಸಿಕ್ಕಿದ್ದು: ಕೋಣೆ. ಅದಕ್ಕೆ ಬೀಗ.
ನಿನ್ನೆ ಬಂದ ಪತ್ರ: "ಆಂಬುಲೆನ್ಸ್ ಒದಗಿಸಲು ಅವಕಾಶವಿರುವುದಿಲ್ಲ." ಸಹಿ ಇದೆ. ಕಾರಣ ಇಲ್ಲ.

ಸರಿ. ಇನ್ನು ನಮ್ಮ ಕಾಲನಿ ಸಮಿತಿಯ ಹಳೆ ಟರ್ಬೊ ಜೀಪೇ ಆಂಬುಲೆನ್ಸ್. ನಿನ್ನೆಯೇ ಠರಾವು ಮಾಡಿದೆವು. ಫ್ಲೆಕ್ಸಿನ ಮಾತು ನನ್ನದು — "ಇದು ನಮ್ಮ ಆಂಬುಲೆನ್ಸ್. ನಿಮ್ಮದೆಲ್ಲಿ?" ಬಾನೆಟ್ ತುಂಬ ಬಿಗಿದು ಕಟ್ಟಿಸಿದ್ದೇನೆ. ಅವರು ಗಾಡಿ ಕೊಡುವವರೆಗೆ ಬಿಚ್ಚುವುದಿಲ್ಲ.

ಹೊರಡಬೇಕು. ಕಲಾವತಿ ಮಾವಶಿಗೆ, ನನ್ನ ಆಯಿಯ ತಂಗಿಗೆ, ಕಾರವಾರದಲ್ಲಿ ಡಯಾಲಿಸಿಸ್. ಮಂಗಳವಾರ, ಶುಕ್ರವಾರ. ಓಡಿಸುವವನು ಅವಳ ಮಗ ಸಂಕೇತ. ತೋಡೂರು ದಾಟುವಾಗ ಏಳಾಗಬಾರದು.

ನವೆಂಬರ್ ೭, ಶುಕ್ರವಾರ

ಬಿಣಗಾದ ಏರಿನಲ್ಲಿ ಜೀಪು ಏದುಸಿರು ಬಿಟ್ಟಿತು. ಮಂಗಳವಾರವೂ ಹೀಗೇ ಆಗಿತ್ತು, ಲಕ್ಷ್ಯ ಕೊಟ್ಟಿರಲಿಲ್ಲ. ಹಿಂದೆ ಕಪ್ಪು ಹೊಗೆ. ಜಲ್ಲಿ ತುಂಬಿದ ಟಿಪ್ಪರ್ ಕೂಡ ನಮ್ಮನ್ನು ದಾಟಿ ಹೋಯಿತು.

ನಲವತ್ತು ನಿಮಿಷ ತಡ. ಅವಳ ಹಿಂದೆ ಅದೇ ಮಷಿನ್‌ಗೆ ಇನ್ನೊಬ್ಬರ ಪಾಳಿ ಇದೆ. ಅವರನ್ನು ಕಾಯಿಸುವ ಹಾಗಿಲ್ಲ. ನಾಲ್ಕು ತಾಸು ಆಗಬೇಕಾದ್ದು ಮೂರು ಚಿಲ್ಲರೆಗೆ ಮುಗಿಯಿತು. ಉಳಿದ ನೀರು, ವಿಷ... ಮೈಯಲ್ಲೇ.

ಸಂಕೇತ ಹೇಳಿದ, "ಟರ್ಬೊ ಪ್ರೆಶರ್ ಸಾಲ್ತಿಲ್ಲ, ಅಕ್ಕಾ. ಒಂದು ರಾಡ್ ಅದೆ. ಬಿಗಿ ಮಾಡಿದ್ರೆ ಬೂಸ್ಟ್ ಏರ್ತದೆ. ಮೊಬೈಲ್‌ನಲ್ಲಿ ನೋಡಿದ್ದೆ."
"ಮತ್ತೆ ಎಂತ ನೋಡ್ತೆ? ಏರಿಸು!"

ಮೂವತ್ತು ವರ್ಷ ಕಚೇರಿಗಳ ಮೇಲೆ ಒತ್ತಡ ಹೇರುವ ಕೆಲಸವನ್ನೇ ಮಾಡಿದವಳು ನಾನು. ಒತ್ತಡ ಸಾಲದು ಅಂದರೆ ನನಗೆ ಇನ್ನೊಂದು ಉತ್ತರ ಗೊತ್ತಿಲ್ಲ.

ನವೆಂಬರ್ ೮

ಸಂಕೇತ ತೋರಿಸಿದ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದು ಎಂಜಿನ್ನಿಗೆ ಗಾಳಿ ತುರುಕುತ್ತದೆ. ಒತ್ತಡ ಮಿತಿ ಮುಟ್ಟಿದರೆ ಸಣ್ಣ ಬಾಗಿಲು ತೆರೆದು ಹೊಗೆಯನ್ನು ಬದಿಗೆ ಬಿಡುತ್ತದೆ. ರಾಡ್ ಬಿಗಿದರೆ ಆ ಬಾಗಿಲು ತಡವಾಗಿ ತೆರೆಯುತ್ತದೆ. ಎರಡು ಸುತ್ತು ಬಿಗಿದ. "ಇನ್ನೊಂದು ಹಾಕು" ಅಂದೆ.
ಸಪಾಟು ರಸ್ತೆಯಲ್ಲಿ ಹಾರಿತು!

ನವೆಂಬರ್ ೧೧, ಮಂಗಳವಾರ — ಮಧ್ಯಾಹ್ನ

ಏರಿನ ಅರ್ಧದಲ್ಲಿ ಸ್ಟೇರಿಂಗ್ ಹಿಂದೆ ಎಂಜಿನ್ನಿನ ಹಳದಿ ದೀಪ ಹೊತ್ತಿತು. ಎಂಜಿನ್ ಒಮ್ಮೆಲೇ ಮಂಕಾಯಿತು. ಎಷ್ಟು ತುಳಿದರೂ ಎತ್ತಿನ ಗಾಡಿ. ಹಿಂದೆ ಹಾರ್ನೋ ಹಾರ್ನು.
ಮಾವಶಿ ಸೆರಗಲ್ಲಿ ಬೆವರು ಒರೆಸಿಕೊಂಡು, "ಗೋದಾವರಿ, ನಾ ಇಳಿದು ದೂಡ್ಲನೆ?" ಅಂದಳು. ನಗಲು ಹೋಗಿ ದಮ್ಮು ಕಟ್ಟಿತು ಅವಳಿಗೆ.
ಎಪ್ಪತ್ತು ನಿಮಿಷ ತಡ. ಮೂರು ತಾಸೂ ಸಿಗಲಿಲ್ಲ. ಪಾದ ಬಾತು ಚಪ್ಪಲಿ ಹಿಡಿಸುತ್ತಿಲ್ಲ. ಶುಕ್ರವಾರವೂ ಹೀಗಾದರೆ ನೀರು ಎದೆಗೆ ಏರಬಹುದು — ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ ಮಾತು.
ಸಂಕೇತನಿಗೆ ಹೇಳಿಲ್ಲ.

ನವೆಂಬರ್ ೧೩, ಗುರುವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ಇವತ್ತು ಅಂಕೋಲೆ. ಬೊಬ್ರುವಾಡದ ಮೇಸ್ತ್ರಿ ಪುಂಡಲೀಕನ ಗ್ಯಾರೇಜು. ಟರ್ಬೊ ಒತ್ತಡ ಅಳೆಯುವ ಗೇಜು ಕಟ್ಟಿ ಒಂದು ಸುತ್ತು ಓಡಿಸಿ ಬಂದ. ಮುಳ್ಳು ಇಪ್ಪತ್ನಾಲ್ಕು ದಾಟಿತ್ತಂತೆ, ಹದಿನೆಂಟಕ್ಕೆ ನಿಲ್ಲಬೇಕು.
"ಹೆಚ್ಚಾಯ್ತು ಅಂತ ಗಾಡಿ ಕಂಪ್ಯೂಟರೇ ಎಂಜಿನ್ನಿನ ಕುತ್ತಿಗೆ ಹಿಡಿದದೆ. ರಾಡ್ ಯಾರು ತಿರುಪಿದ್ದು?"
"ನಾನು ಹೇಳಿದ್ದು."
"ಈ ಫ್ಲೆಕ್ಸ್ ಯಾರು ಕಟ್ಟಿದ್ದು?"
"ಅದೂ ನಾನೇ."
"ಗೋದಾವರಿ ಬಾಯಿ, ಮತ್ತೆ ಸಂಕೇತ ಎಂತ ಮಾಡ್ದಾ? ಬರೀ ಸ್ಟೇರಿಂಗ್ ಹಿಡ್ದನಾ?"

ಫ್ಲೆಕ್ಸಿನ ಅಂಚು ಎತ್ತಿದ. ಬಾನೆಟ್ಟಿನ ನಡುವೆ ಗಾಳಿ ಸೇರುವ ತೂತು. ಅದರ ಕೆಳಗೆ ರೇಡಿಯೇಟರಿನಂಥ ಪೆಟ್ಟಿಗೆ, ಇಂಟರ್‌ಕೂಲರ್. ಟರ್ಬೊ ಒತ್ತಿದ ಗಾಳಿ ಕಾದಿರುತ್ತದೆ, ಅಲ್ಲಿ ತಣಿದು ಎಂಜಿನ್ನಿಗೆ ಹೋಗಬೇಕು. ಒಳಗೆ ಹೋಗುವ ಪೈಪು, ಹೊರಗೆ ಬರುವ ಪೈಪು, ಎರಡಕ್ಕೂ ನನ್ನ ಕೈ ಮುಟ್ಟಿಸಿದ. ಎರಡೂ ಚುರ್ ಅಂದವು.
"ಮೂಗು ಮುಚ್ಚಿ ಓಡು ಓಡು ಅಂದ್ರೆ ಹೆಂಗೆ ಓಡ್ತದೆ?"

ನಾನು ಸುಮ್ಮನಿರುವವಳಾ? ಸಮಿತಿಯ ಠರಾವು, ಗಾಡಿ ಬರುವವರೆಗೆ ಬಿಚ್ಚುವಂತಿಲ್ಲ ಅಂದೆ. ದನಿ ಏರಿತು. ಗ್ಯಾರೇಜಿನವರೆಲ್ಲ ತಿರುಗಿ ನೋಡಿದರು.
ಸಂಕೇತ ಒಳಗೆ ಹೋದ. ಚಾಕು ತಂದು ದಾರ ಕೊಯ್ದ. ಆಮೇಲೆ ಅಂದ, "ನಾಳೆ ಆಯಿ ಸತ್ರೆ ಠರಾವು ಎಲ್ಲಿ ಕಟ್ತ್ರಿ ಅಕ್ಕಾ?"
ಜಾರಿದ ಫ್ಲೆಕ್ಸನ್ನು ನಾನೇ ಎಳೆದು ಮಡಚಿದೆ.

ರಾಡಿನ ಮೇಲಿದ್ದ ಹಳೆ ಬಣ್ಣದ ಗುರುತಿಗೆ ಪುಂಡಲೀಕ ನಟ್ಟು ವಾಪಸ್ ತಂದ. ಮತ್ತೆ ಓಟ. ಮುಳ್ಳು ಹದಿನೆಂಟಕ್ಕೆ ಏರಿ ನಿಂತಿತು. ಹೊಗೆ ಇಲ್ಲ. ಹೊರಗೆ ಬರುವ ಪೈಪು ಕೈಗೆ ಬೆಚ್ಚಗೆ, ಅಷ್ಟೇ.

ನವೆಂಬರ್ ೧೪, ಶುಕ್ರವಾರ — ೧೨.೩೦, ಆಸ್ಪತ್ರೆ ಬೆಂಚು

ಬಿಣಗಾ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ಹತ್ತಿತು! ಹಳದಿ ದೀಪ ಬರುತ್ತದೇನೋ ಎಂದು ಮೂವರೂ ಅದನ್ನೇ ನೋಡುತ್ತಿದ್ದೆವು. ಬರಲಿಲ್ಲ. ತುದಿ ಮುಟ್ಟಿದಾಗ ಸಂಕೇತ ತಾಯಿಯ ಕಡೆ ತಿರುಗಿ ಸುಮ್ಮನೆ ನಕ್ಕ.
ಇಪ್ಪತ್ತು ನಿಮಿಷ ಮುಂಚೆ ತಲುಪಿದೆವು. ನಾಲ್ಕು ತಾಸು, ಪೂರ್ತಿ. ಮಾವಶಿ ಈಗ ನಿದ್ದೆ. ಉಸಿರು ಸದ್ದಿಲ್ಲದೆ ಹೋಗಿ ಬರುತ್ತಿದೆ. ನರ್ಸ್ ಹೆಬ್ಬೆರಳಿಂದ ಪಾದ ಒತ್ತಿ ನೋಡಿ ತಲೆ ಆಡಿಸಿದಳು — ಕುಳಿ ಬೀಳಲಿಲ್ಲ.

ಆಂಬುಲೆನ್ಸ್ ಬಂದಿಲ್ಲ. ಆ ಜಗಳ ಬಿಟ್ಟಿಲ್ಲ. ಆದರೆ ಮೊದಲು ಸಮಿತಿಯ ಮುಂದೆ ಹೇಳಬೇಕು: ಕಟ್ಟಿಸಿದವಳು ನಾನು, ಬಿಗಿಸಿದವಳು ನಾನು, ತೆತ್ತವಳು ಮಾವಶಿ. ಆಮೇಲೆ ಉಳಿದ ಮಾತು. ಸಭೆ ಭಾನುವಾರ, ಹದಿನಾರು. ಸಂಜೆ ನಾಲ್ಕಕ್ಕೆ.