ಕುರೊ ನಿಲ್ಲುತ್ತಿದ್ದ ಜಾಗ

ಹೊರೊಶಿನಾಯ್ ಅಣೆಕಟ್ಟು, ಹೊಕ್ಕೈಡೊ, ಜಪಾನ್
೭ ಆಗಸ್ಟ್ ೧೯೯೭, ಮಧ್ಯಾಹ್ನ

ಪ್ರೀತಿಯ ತಾತಾ,

ಮೊಣಕಾಲು ನೋವು ಹೇಗಿದೆ? ಮಾವ ಫೋನಿನಲ್ಲಿ, "ಅಪ್ಪ ಟೊಮ್ಯಾಟೊ ಗಿಡಗಳ ಜೊತೆ ಜಗಳ ಆಡ್ಕೊಂಡು ಚೆನ್ನಾಗಿದ್ದಾರೆ" ಅಂದರು. ಅತ್ತೆ ಕೊಡುವ ಮಾತ್ರೆಯನ್ನು ಆ ಗಿಡಗಳ ಬುಡಕ್ಕೆ ಹಾಕಬೇಡಿ, ಪ್ಲೀಸ್. ನಾನು ಚೆನ್ನಾಗಿದ್ದೇನೆ, ಅಂದರೆ ಊಟ ಮಾಡುತ್ತಿದ್ದೇನೆ, ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ. "ಸಿಸ್ಟರ್‌ಗಳ ಹಾಸ್ಟೆಲ್ಲಿಗೆ ಹಾಕಿದ್ದೇ ತಪ್ಪಾಯ್ತು, ಈ ಹುಡುಗಿ ಅರ್ಧ ಇಂಗ್ಲಿಷಿನವಳು, ಉಪ್ಪಿನಕಾಯಿ ಬಡಿಸಿದರೂ ಥ್ಯಾಂಕ್ಯೂ ಅಂತಾಳೆ" ಎಂದು ನೀವು ನಗುತ್ತಿದ್ದದ್ದು ನೆನಪಾಗುತ್ತದೆ. ಈಗಲೂ ಟೆನ್ಷನ್ ಆದರೆ ನನ್ನ ಬಾಯಿಂದ ಮೊದಲು ಬರುವುದು ಸಾರಿ, ಆಮೇಲೆ ಉಳಿದದ್ದು.

ಮನೆಯಲ್ಲಿ ಕಾಲೇಜಿನ ಸಮ್ಮರ್ ಕ್ಯಾಂಪ್ ಎಂದಷ್ಟೇ ಹೇಳಿ ಬಂದಿದ್ದೆ. ಕ್ಯಾಂಪ್ ಹೌದು. ಆದರೆ ಇಲ್ಲಿ ನಾವು ಗುದ್ದಲಿ ಹಿಡಿದು ಮೂಳೆ ಹುಡುಕುತ್ತಿದ್ದೇವೆ ತಾತಾ. ಯುದ್ಧದ ಕಾಲದಲ್ಲಿ ಈ ಅಣೆಕಟ್ಟು ಕಟ್ಟಿಸಲು ಕೊರಿಯಾದಿಂದ ಬಲವಂತವಾಗಿ ತಂದ ಕೂಲಿಯಾಳುಗಳು ಸತ್ತಾಗ, ಇಲ್ಲೇ ಕಾಡಿನಲ್ಲಿ ಹೂತುಬಿಟ್ಟರಂತೆ. ಹೆಸರಿಲ್ಲ, ಕಲ್ಲಿಲ್ಲ, ಎದೆಯೆತ್ತರ ಬೆಳೆದ ಹುಲ್ಲುಬಿದಿರು ಅಷ್ಟೆ. ಅರ್ಧ ನಮ್ಮ ಕಾಲೇಜಿನವರು, ಅರ್ಧ ಸಿಯೋಲ್‌ನಿಂದ ಬಂದ ಸ್ಟೂಡೆಂಟ್‌ಗಳು, ಜೊತೆಗೆ ಅಲ್ಲಿಯ ನಾಮ್ ಎಂಬ ಹಿರಿಯರೊಬ್ಬರು. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ಅಣ್ಣನನ್ನು ಹೊಲದಿಂದಲೇ ಲಾರಿ ಹತ್ತಿಸಿಕೊಂಡು ಹೋದರಂತೆ. ಆಮೇಲೆ ಮನೆಗೆ ಬಂದದ್ದು ಅವನ ಅಸ್ಥಿ ಎಂದು ಒಂದು ಮರದ ಪೆಟ್ಟಿಗೆ. ತಾಯಿ ಬಿಚ್ಚಿ ನೋಡಿದರೆ ಒಳಗೆ ಏನೂ ಇರಲಿಲ್ಲ. ಈಗ ತಾಯಿಯ ಸಮಾಧಿಯ ಪಕ್ಕದಲ್ಲಿ ಜಾಗ ಬಿಟ್ಟುಕೊಂಡು ಬಂದಿದ್ದಾರೆ. ಭಾನುವಾರ ಅವರ ಹಡಗು.

ಮೊನ್ನೆ ಒಬ್ಬರ ಮೂಳೆ ಸಿಕ್ಕಿತು. ಅಜ್ಜಿಯನ್ನು ಸುಟ್ಟ ಮೇಲೆ ಮೂಳೆಗಳನ್ನು ನಾನು, ನೀವು ಸೇರಿ ಚಾಪ್‌ಸ್ಟಿಕ್‌ನಲ್ಲಿ ಎತ್ತಿದ್ದೆವಲ್ಲ, ಹಾಗೆಯೇ ಎಂದುಕೊಂಡು ನಾನು ಚಾಪ್‌ಸ್ಟಿಕ್ ತಂದು ಗುಂಡಿಯ ಹತ್ತಿರ ಕೂತೆ, ಒಂದು ಜೊತೆ ನಾಮ್ ಅವರ ಕಡೆಗೂ ಚಾಚಿದೆ. ಅವರ ಮುಖ ಕೆಂಪಾಯಿತು. "ಮನುಷ್ಯನನ್ನ ಮೀನಿನ ಚೂರಿನ ಹಾಗೆ ಎತ್ತಬೇಡಮ್ಮ. ನಮ್ಮಲ್ಲಿ ಸುಡೋದಿಲ್ಲ, ಕೈಯಲ್ಲಿ ಎತ್ಕೋತೀವಿ." ಅವರು ಬರಿಗೈಯಲ್ಲಿ ಒಂದೊಂದೇ ಎತ್ತಿ, ಬಿಳಿ ಕಾಗದದ ಮೇಲೆ ತಲೆಯಿಂದ ಕಾಲಿನವರೆಗೆ ಮಲಗಿಸಿದ ಹಾಗೆ ಜೋಡಿಸಿದರು. ಕೊನೆಗೆ ಎಡಗೈ ಬೆರಳುಗಳನ್ನು ನೋಡಿದರು. ಅಣ್ಣನಿಗೆ ಹುಲ್ಲು ಕೊಯ್ಯುವಾಗ ಕಿರುಬೆರಳು ಹೋಗಿತ್ತಂತೆ. ಇಲ್ಲಿ ಐದೂ ಇದ್ದವು. "ಇವನು ಬೇರೆ ಯಾರೋ ಒಬ್ಬರ ಅಣ್ಣ" ಅಂದು ಎದ್ದರು.

ನನ್ನ ನಿದ್ದೆ ಕೆಟ್ಟದ್ದು ಅದರಿಂದಲ್ಲ. ನಿನ್ನೆ ಊಟಕ್ಕೆ ಕೂತಾಗ ನಮ್ಮ ವಸತಿಯ ಇವಾಬುಚಿ ಅಜ್ಜಿ ಹೇಳಿದರು: "ಹೆಣ ಸಾಗಿಸ್ತಿದ್ದೋನು ಜಾರುಬಂಡಿಯ ತೊಗಾಶಿ. ಹಿಮದ ಮೇಲೆ ಬಂಡಿ ಎಳೆಯೋಕೆ ಕಪ್ಪು ಕುದುರೆ ಇತ್ತು ಅವನ ಹತ್ತಿರ. ಹೂಳೋ ಜಾಗ ಗೊತ್ತಿದ್ದದ್ದು ಅವನಿಗೂ ಆ ಕುದುರೆಗೂ. ಬದುಕಿದಾನೋ ಇಲ್ವೋ ಪುಣ್ಯಾತ್ಮ." ನನ್ನದು ನಿಮ್ಮ ಹೆಸರಲ್ಲ, ಅಪ್ಪನ ಮನೆತನದ ಹೆಸರಾದ್ದರಿಂದ ಯಾರೂ ನನ್ನ ಕಡೆ ತಿರುಗಲಿಲ್ಲ. ಸೂಪ್ ಬಟ್ಟಲು ಹಿಡಿದುಕೊಂಡು ಹಾಗೇ ಕೂತಿದ್ದೆ.

ನಾನು ಚಿಕ್ಕವಳಿದ್ದಾಗ ನಿಮ್ಮ ಕಪ್ಪು ಕುದುರೆ ಕುರೊನ ಕಥೆ ಹೇಳುತ್ತಿದ್ದಿರಿ. ಸೀಳಿದ ಬರ್ಚ್ ಮರದ ಹತ್ತಿರ ಬಂದರೆ ಅದು ತಾನಾಗಿಯೇ ನಿಂತುಬಿಡುತ್ತಿತ್ತು. ಯಾಕೆ ಎಂದು ಕೇಳಿದರೆ, "ಭಾರ ಇಳಿಯೋ ಜಾಗ ಅದಕ್ಕೆ ಗೊತ್ತಿತ್ತು" ಅನ್ನುತ್ತಿದ್ದಿರಿ. ನಾನು ಸೌದೆಯ ಭಾರ ಅಂದುಕೊಂಡಿದ್ದೆ.

ಆಗ ನಿಮಗೆ ಇಪ್ಪತ್ತೆರಡು. ಲಗಾಮನ್ನು ನಿಮ್ಮ ಕೈಗೆ ಯಾರೋ ಕೊಟ್ಟಿರಬೇಕು. ಆ ಮಾತೆಲ್ಲ ಆಮೇಲೆ ಆಡೋಣ, ಅಥವಾ ಬೇಡವೇ ಬೇಡ. ಆ ಮರ ಈ ಕಾಡಿನ ಹಳ್ಳದ ಯಾವ ದಡದಲ್ಲಿತ್ತು, ಅಷ್ಟು ಹೇಳಿ ಸಾಕು. ಇಲ್ಲಿ ಈಗ ಬರೀ ಹೊಸ ಮರಗಳು. ಶನಿವಾರದೊಳಗೆ ವಸತಿಗೆ ಫೋನ್ ಮಾಡಿ. ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ, ಪ್ರಾಮಿಸ್.

ಮಾವನಿಗೆ, ಅತ್ತೆಗೆ ನಮಸ್ಕಾರ ತಿಳಿಸಿ. ಬಿಸಿಲಲ್ಲಿ ಟೋಪಿ ಇಲ್ಲದೆ ತೋಟಕ್ಕೆ ಇಳಿಯಬೇಡಿ.

ನಿಮ್ಮ ಮೇಲೆ ಕೋಪವಿಲ್ಲದ, ಭಯ ಮಾತ್ರ ಇರುವ ಮೊಮ್ಮಗಳು,
ಕಯೊ

ತಾ.ಕ.: ಅಂಟಿಸಿದ ಕವರ್ ಹರಿದು ಬರೆಯುತ್ತಿದ್ದೇನೆ. ನಲ್ಲಿಯ ಹತ್ತಿರ ನಾಮ್ ಅವರು ಇದನ್ನು ನೋಡಿ, "ಯಾರಿಗಮ್ಮ, ಹುಡುಗನಿಗಾ?" ಎಂದು ತಮಾಷೆ ಮಾಡಿದರು. ಪ್ರಾಮಿಸ್ ಮುರಿದೆ ತಾತಾ. "ಜಾರುಬಂಡಿಯ ತೊಗಾಶಿಗೆ. ಅವರು ನನ್ನ ತಾತ" ಅಂದುಬಿಟ್ಟೆ. ಅವರ ಬಕೆಟ್ ತುಂಬಿ ನೀರು ಕಾಲ ಮೇಲೆ ಹರಿಯುತ್ತಿದ್ದರೂ ಅವರು ನಲ್ಲಿ ನಿಲ್ಲಿಸಲಿಲ್ಲ. ಆಮೇಲೆ, "ನನಗೆ ಜಗಳ ಬೇಡ ಮಗಳೇ, ಜಾಗ ಬೇಕು" ಅಂದರು. ಹಾಗಾಗಿ ಸ್ಟಾಂಪ್ ಹಚ್ಚಿಲ್ಲ. ಇದನ್ನು ನಿಮ್ಮ ಕೈಗೆ ಕೊಟ್ಟು ಈಗ ಬಾಗಿಲಲ್ಲಿ ನಿಂತಿರುವವರು ಅವರೇ. ನಮ್ಮ ಜಪಾನಿ ಭಾಷೆ ಅವರಿಗೆ ಬರುತ್ತೆ, ಚಿಕ್ಕಂದಿನಲ್ಲಿ ಅಲ್ಲಿಯ ಶಾಲೆಯಲ್ಲಿ ನಮ್ಮವರು ಹೊಡೆದು ಕಲಿಸಿದ್ದಾರೆ. ಒಳಗೆ ಕರೆಯಿರಿ ತಾತಾ.