ಚಹಾ ತಂದವಳ ಹೆಸರು

ಮೂಡಿಗೆರೆ
೧೮ ಜುಲೈ ೧೯೯೭

ಪ್ರೀತಿಯ ರುದ್ರಾಣಿ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸಂಸೆಯ ಈ ಚಳಿಯಲ್ಲಿ ಎಸ್ಟೇಟ್ ಬಂಗಲೆಯ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲಬೇಡ ಎಂದರೆ ನೀನು ಕೇಳುವವಳಲ್ಲ. ಅಮ್ಮ ಸರಿಯಾಗಿ ಊಟ ಮಾಡುತ್ತಾಳಾ? ನಾನು ಚೆನ್ನಾಗಿದ್ದೇನೆ. ಬರೀ ಚೆನ್ನಾಗಿರುವುದಲ್ಲ, ಕೇಳು.

ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿಯ ಕೆಲಸಕ್ಕಾಗಿ ಮೊನ್ನೆ ವಿದ್ಯಾರ್ಥಿಗಳೆದುರು ಪಾಠ ಮಾಡಿ ತೋರಿಸಬೇಕಿತ್ತು. ಹಿಂದಿನ ಬೆಂಚಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ಪರಮೇಶ್ವರಪ್ಪನವರು ಕುಳಿತಿದ್ದರು. ಬಣಕಲ್ ಕಡೆ ದೊಡ್ಡ ಎಸ್ಟೇಟ್ ಇರುವವರು. ನನಗೆ ಸಿಕ್ಕಿದ್ದು ಹಳೆಯ ಇಂಗ್ಲಿಷ್ ಕಾದಂಬರಿಯ ಒಂದು ಅಧ್ಯಾಯ. ದೊಡ್ಡ ಮನೆ, ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಯಾರಿಗೆಷ್ಟು ಆಸ್ತಿ ಎನ್ನುವ ಮಾತು. ಗಂಟೆ ಬಾರಿಸಿದರೆ ಚಹಾ ಬರುತ್ತದೆ. ಆ ಕಾಲಕ್ಕೆ ಅಲ್ಲಿ ಅಪ್ಪನ ಜಮೀನು ಹೆಣ್ಣುಮಕ್ಕಳಿಗೆ ಸಿಗುವುದು ಅಪರೂಪ, ಅದಕ್ಕೇ ಕಥೆಯೆಲ್ಲ ಗಂಡು ಹುಡುಕುವುದರ ಸುತ್ತಲೇ ತಿರುಗುತ್ತದೆ ಎಂದು ವಿವರಿಸುತ್ತಿದ್ದೆ. ಇಲ್ಲಿ ಗ್ಯಾರೇಜು ಇಟ್ಟಿರುವ ಹಬೀಬುರ್ರಹ್ಮಾನ್ ಅವರ ಮಗಳು ಜಿಕ್ರಾ ಎದ್ದು ನಿಂತು, “ಮೇಡಂ, ಆ ಚಹಾ ತರೋಳ ಹೆಸ್ರೇ ಹಾಕಿಲ್ವಲ್ಲ, ಯಾಕೆ?” ಎಂದಳು. ಕ್ಲಾಸೆಲ್ಲ ನಕ್ಕಿತು.

ನನಗೆ ನಗು ಬರಲಿಲ್ಲ ಅಕ್ಕಾ. ಕಣ್ಣಮುಂದೆ ನೀನು ನಿಂತಿದ್ದೆ. ನನ್ನನ್ನು ಓದಿಸಲು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬಂಗಲೆ ಕೆಲಸಕ್ಕೆ ಸೇರಿದವಳು. ಬಿಳಿ ದೊರೆಗಳು ಬಿಟ್ಟುಹೋದ ಪುಸ್ತಕಗಳ ಧೂಳು ಒರೆಸುತ್ತ, “ಅಮ್ಮೋರೆ, ನನ್ನ ತಂಗಿ ಓದ್ತಾಳೆ, ಒಂದೊಂದೇ ಕೊಡಿ, ಹಾಳು ಮಾಡಲ್ಲ” ಎಂದು ಕೇಳಿ ತಂದವಳು. ನಾನು ಇಂಗ್ಲಿಷ್ ಕಲಿತದ್ದು ಅವುಗಳಿಂದಲೇ ತಾನೆ?

ಜಿಕ್ರಾಗೆ ಹೇಳಿದೆ: ಓದು ಮತ್ತು ಪುರುಸೊತ್ತು ಎರಡೂ ಇದ್ದವರು ಹಜಾರದಲ್ಲಿ ಕೂತಿದ್ದರು, ಅಲ್ಲಿಂದ ಕಂಡದ್ದನ್ನು ಬರೆದರು. ಅಲ್ಲಿಗೆ ಅಡುಗೆಮನೆ ಕಾಣುತ್ತಿರಲಿಲ್ಲ. ಮುಂದೆ ಗಿರಣಿಗಳು ಬಂದು, ಪಟ್ಟಣಗಳಲ್ಲಿ ಕೂಲಿಯವರು ತುಂಬಿ, ಅವರ ಮಕ್ಕಳೂ ಅಕ್ಷರ ಕಲಿತ ಮೇಲೆ ಪುಸ್ತಕಗಳಲ್ಲಿ ಬೇರೆ ಮನೆಗಳೂ ಕಾಣಿಸಿಕೊಂಡವು. ಹೀಗೆ ಹೇಳುತ್ತಲೇ ನಿನ್ನ ಕಥೆಯನ್ನೂ ಹೇಳಿಬಿಟ್ಟೆ, ಹೆಸರು ಸಮೇತ.

ಪರಮೇಶ್ವರಪ್ಪನವರು, “ಇಂಗ್ಲಿಷ್ ಪಾಠದ ಮಧ್ಯೆ ನಿಮ್ಮ ಮನೆ ವಿಷ್ಯ ಯಾಕೆ ತಂದ್ರಿ?” ಎಂದರು. ಕೆಲಸ ಹೋಯಿತು ಅಂದುಕೊಂಡೆ. ಆದರೂ ಬಾಯಿ ಸುಮ್ಮನಿರಲಿಲ್ಲ. “ಸಾರ್, ಆ ಪುಸ್ತಕ ಬರೆದೋರೂ ಅವ್ರ ಮನೆ ವಿಷ್ಯಾನೇ ಬರ್ದಿದ್ದು” ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಜಿಕ್ರಾ ಕಡೆ ತಿರುಗಿ, “ನಿಂಗೆ ಅರ್ಥ ಆಯ್ತೇನಮ್ಮ?” ಎಂದರು. “ಈಗ ಆಯ್ತು ಸಾರ್” ಎಂದಳು ಹುಡುಗಿ.

ಇವತ್ತು ಬೆಳಿಗ್ಗೆ ನೇಮಕಾತಿ ಆದೇಶ ಕೈಗೆ ಬಂತು. ಸೋಮವಾರದಿಂದ ಕೆಲಸ! ಸುದ್ದಿ ತಿಳಿದಾಗ ಮೊದಲು ಬಾಯಿಗೆ ಬಂದದ್ದು ದೇವರ ಹೆಸರಲ್ಲ, ನಿನ್ನದು. ದೇವರು ಬೇಜಾರು ಮಾಡಿಕೊಳ್ಳಲಾರ. ಬಂಗಲೆಯ ಅಮ್ಮೋರಿಗೂ ನನ್ನ ನಮಸ್ಕಾರ ಹೇಳು. ಪುಸ್ತಕ ಕೊಟ್ಟ ಕೈ ಅವರದು, ಕೇಳಿದ ಬಾಯಿ ನಿನ್ನದು. ಅಮ್ಮನ ಕಾಲಿಗೆ ನನ್ನ ಪರವಾಗಿ ನೀನೇ ಬೀಳು.

ನಿನ್ನ ತಂಗಿ,
ಶಾಂತಕುಮಾರಿ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶಾಲೆ ಬಿಟ್ಟವರೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬಹುದಂತೆ, ವಿಚಾರಿಸಿದೆ. ಬಂಗಲೆ ಕೆಲಸ ಬಿಟ್ಟು ಅಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಾ. “ಈ ವಯಸ್ಸಿಗೆ ಜನ ನಗಾಡ್ತಾರೆ ಮಾರಾಯ್ತಿ” ಅನ್ನಬೇಡ, ನಗಲಿ. ಇನ್ನು ಓದುವ ಸರದಿ ನಿನ್ನದು. ಇಂಗ್ಲಿಷ್ ನಾನು ಹೇಳಿಕೊಡುತ್ತೇನೆ. ಲೆಕ್ಕ ಮಾತ್ರ ನನಗೂ ಬರುವುದಿಲ್ಲ, ಅದಕ್ಕೆ ಬೇರೆ ಯಾರನ್ನಾದರೂ ಹುಡುಕೋಣ.