ಹಳದಿ ಕೋಟಿನವಳು ಯಾರನ್ನ ನೋಡ್ತಿದಾಳೆ?

ಮಾರ್ಚ್ 4, ಶನಿವಾರ

ಬ್ರಶ್ ತೊಳೆದ ನೀರು ಕುಡಿದೆ. ಮತ್ತೆ! ಟೀ ಲೋಟ ಪಕ್ಕದಲ್ಲೇ ಇತ್ತು, ಕೈ ಮಾತ್ರ ನೆಟ್ಟಗೆ ಬಣ್ಣದ ಲೋಟಕ್ಕೇ ಹೋಯ್ತು. ಅಮ್ಮ ನೋಡ್ಬಿಟ್ಲು.

"ನಾಲಿಗೆ ತೋರ್ಸು."

ತೋರಿಸಿದೆ. ನೀಲಿ.

"ನಲವತ್ನಾಲ್ಕು ವರ್ಷದ ಹೆಂಗಸು ಕಣೇ ನೀನು," ಅಂದ್ಲು. ನನ್ನ ವಯಸ್ಸು ನೆನಪಿಸೋಕೆ ಸಿಕ್ಕ ಒಂದು ಅವಕಾಶಾನೂ ಬಿಡಲ್ಲ ಮಹಾತಾಯಿ.

ಇವತ್ತು ಪುಟಾಣಿ ಗೊಂಬೆಗೆ ಬಣ್ಣ ಹಾಕೋ ಕ್ಲಾಸಲ್ಲಿ ಗೊಂಬೆ ಹಂಚಿದ್ರು. ಏಪ್ರಿಲ್ 2ಕ್ಕೆ ಲೈಬ್ರರಿ ಹಾಲಲ್ಲಿ ಪ್ರದರ್ಶನ. ಒಂದು ಹಲಗೆ ಮೇಲೆ ಇಡೀ ಬಸ್ ಸ್ಟಾಪು, ಅದರಲ್ಲಿ ಸಾಲಾಗಿ ನಿಂತ ಜನ, ಒಬ್ಬೊಬ್ಬರೂ ನನ್ನ ಹೆಬ್ಬೆರಳಿನ ಒಂದು ಗೆಣ್ಣಷ್ಟು. ಟೀಚರ್ ಜಾಗಾನೂ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ರು. ನಂಗೆ ಬಂದಿದ್ದು ಉದ್ದ ಕೋಟು ಹಾಕ್ಕೊಂಡ ಹೆಂಗಸು. ಅವಳ ಒಂದು ಪಕ್ಕ ಪೊಲೀಸು, ಅದು ಬ್ಯಾಂಕಿಗೆ. ಇನ್ನೊಂದು ಪಕ್ಕ ಪೇಪರ್ ಓದ್ತಾ ನಿಂತೋನು, ಅದು ಲಿಫ್ಟಿಗೆ.

ಟೀಚರ್ ಎಲ್ಲರನ್ನೂ ಕೆಲಸದ ಮೇಲೇ ಕರೆಯೋದು. ಬ್ಯಾಂಕಲ್ಲಿ ಕೂರೋರು ಬ್ಯಾಂಕು. ಲಿಫ್ಟ್ ರಿಪೇರಿ ಮಾಡೋರು ಲಿಫ್ಟು. ಚಷ್ಮಾ ಅಂಗಡಿಯಲ್ಲಿ ಗಾಜು ಕೂರಿಸೋ ನಾನು ಕನ್ನಡಕ. "ಕನ್ನಡಕಾ, ನಿಂಗೆ ಹಳದಿ ಕೋಟು," ಅಂದ್ರು. ಹಳದಿ ಯಾಕೆ ಟೀಚರ್, ನನ್ನ ಮೇಲೇನಾದ್ರೂ ಸಿಟ್ಟಾ ಅಂದೆ. ಎಲ್ಲ ನಕ್ಕರು. ಹಳದಿ ಬಳಿಯೋದು ಅಂದ್ರೆ ಏನು ಅಂತ ಬಳಿದೋರಿಗೇ ಗೊತ್ತು.

ಮಾರ್ಚ್ 6, ಸೋಮವಾರ

ಬೆಳಗ್ಗೆ ಮಹಡಿ ಮೇಲೆ ಗೊಂಬೆಗೆ ಪ್ರೈಮರ್ ಹೊಡೆದೆ, ಬಣ್ಣ ಹಿಡಿಯೋಕೆ ಮೊದಲು ಹಾಕೋ ಬೂದು ಪದರ. ಡಬ್ಬಿ ಚೆನ್ನಾಗಿ ಅಲ್ಲಾಡಿಸಿ, ಒಂದು ಮೊಳ ದೂರದಿಂದ, ಸುಂಯ್ ಅಂತ ಒಂದು ಸಲ, ಅಷ್ಟೇ. ಹೋದ ಸಲದ ಹಾಗೆ ಹತ್ತಿರದಿಂದ ಹೊಡೆದು ಗೊಂಬೆಯ ಮೂಗು ಮುಚ್ಚಿಹಾಕಲಿಲ್ಲ. ಮೂಗಿದೆ! ಬೆರಳೂ ಇದೆ!

ಊಟದ ಹೊತ್ತಲ್ಲಿ ಅಂಗಡಿ ಹಿಂದೆ ಕೂತು ಕೋಟು ಶುರು ಮಾಡಿದೆ. ಹಳದಿ ಸೋಮಾರಿ ಬಣ್ಣ. ಬೂದು ಪ್ರೈಮರ್ ಮೇಲೆ ನೇರ ಹಾಕಿದ್ರೆ ಕಾಯಿಲೆ ಬಂದವರ ಹಾಗೆ ಕಾಣುತ್ತೆ. ಅದಕ್ಕೇ ಮೊದಲು ತೆಳು ಗುಲಾಬಿ. ಅದು ಒಣಗಿದ ಮೇಲೆ ಹಾಲಿನ ಹದಕ್ಕೆ ನೀರು ಬೆರೆಸಿದ ಹಳದಿ. ಒಣಗ್ಲಿ. ಮತ್ತೆ ಹಳದಿ. ಒಣಗ್ಲಿ. ಮತ್ತೆ... ತಾಳ್ಮೆ ನನ್ನ ಹುಟ್ಟುಗುಣ ಅಲ್ಲ. ಮೂರನೇ ಸಲ ಒಣಗೋ ಮುಂಚೆ ಮುಟ್ಟಿದೆ, ಬೆರಳಚ್ಚು ಬಿತ್ತು. ಬೈದೆ. ಗೊಂಬೆಗೆ ಬೈದೆ, ಪಾಪ.

ಓನರ್ ಇಣುಕಿ ನೋಡಿ, "ಗಿರಾಕಿ ಯಾರಮ್ಮಾ ಇವಳು?" ಅಂದ್ರು.

ಮಾರ್ಚ್ 11, ಶನಿವಾರ

ಲಿಫ್ಟು ನಂಗೊಂದು ಹಿಡಿ ತಂದುಕೊಟ್ರು!

ನಾವೆಲ್ಲ ಗೊಂಬೇನ ಮಾತ್ರೆ ಡಬ್ಬಿ ಮೇಲೆ ಅಂಟಿಸ್ಕೊಂಡು ಬಣ್ಣ ಹಾಕೋದು, ಬರಿಗೈಲಿ ಮುಟ್ಟಿದ್ರೆ ಬಣ್ಣ ಉದುರುತ್ತೆ ಅಂತ. ನನ್ನ ಡಬ್ಬಿ ಸಣ್ಣದು, ಕೈಯಿಂದ ಜಾರ್ತಾ ಇತ್ತು. ಅವರು ಮರದ ತುಂಡನ್ನ ಕಡೆದು, ಉಜ್ಜಿ, ನುಣುಪು ಮಾಡಿ, ಬೆರಳು ಕೂರೋ ಕಡೆ ಒಂದು ತಗ್ಗು ತೆಗೆದು ತಂದಿದಾರೆ. ನನ್ನ ಹೆಬ್ಬೆರಳು ಅಲ್ಲೇ ಹೋಗಿ ಕೂರುತ್ತೆ.

"ನಿಮ್ಮ ಡಬ್ಬಿ ಜಾರ್ತಿತ್ತು. ನೋಡಿದೆ," ಅಂದ್ರು.

ಅಷ್ಟೇ ಮಾತು. ಮನುಷ್ಯ ದಿನಕ್ಕೆ ಇಷ್ಟೇ ಮಾತು ಅಂತ ಲೆಕ್ಕ ಹಾಕ್ಕೊಂಡು ಬಂದಿರ್ತಾರೆ ಅನ್ಸುತ್ತೆ. ಕೈ ನೋಡಿದ್ರೆ ಸಲಿಕೆ, ಗ್ರೀಸು ಉಗುರಿನ ಸಂದೀಲಿ ಇನ್ನೂ ಇರುತ್ತೆ. ಅದೇ ಕೈಲಿ ಪೇಪರ್ ಓದೋನ ಪೇಪರಿಗೆ ಸಾಲು ಸಾಲು ಅಕ್ಷರದ ಹಾಗೆ ಚುಕ್ಕೆ ಹಾಕಿದಾರೆ. ಅವನ ರೆಪ್ಪೆ ಕೆಳಗೆ ಬಿಟ್ಟಿದಾರೆ, ಓದ್ತಿದಾನಲ್ಲ. "ಕಣ್ಣು ಹಾಕೋ ಕಷ್ಟ ತಪ್ಪಿಸ್ಕೊಂಡ್ರಿ ಬಿಡಿ," ಅಂದೆ. ನಕ್ಕರು. ನಗೋವಾಗ ಒಂದು ಕೆನ್ನೇಲಿ ಮಾತ್ರ ಗುಳಿ ಬೀಳುತ್ತೆ.

ಇದನ್ನೆಲ್ಲ ಯಾಕೆ ಬರೀತಿದೀನಿ ನಾನು.

ಮಾರ್ಚ್ 12, ಭಾನುವಾರ

ಯಾಕೆ ಅಂತ ಗೊತ್ತು. ನಂಗೆ ಅವರು ಇಷ್ಟ. ಬರೆದೇಬಿಟ್ಟೆ, ಇನ್ನೇನು.

ಹಿಂದೆ ಬಂದ ಸಂಬಂಧಗಳನ್ನೆಲ್ಲ ಬೇಡ ಅಂದೋಳು ನಾನೇ, ಯಾರ ಮೇಲೂ ಸಿಟ್ಟಿಲ್ಲ. ಒಬ್ಬನಾದ್ರೂ ನನ್ನ ಡಬ್ಬಿ ಜಾರೋದನ್ನ ನೋಡಿದ್ನಾ? ಇವರ ಹೆಂಡತಿ ತೀರಿಕೊಂಡು ಎಂಟು ವರ್ಷ ಆಯ್ತಂತೆ. ಬ್ಯಾಂಕು ಹೇಳಿದ್ದು, ನಾನು ಕೇಳಿರಲಿಲ್ಲ. (ಕೇಳಿದ್ದೆ.)

ಏಪ್ರಿಲ್ 2ಕ್ಕೆ ಪ್ರದರ್ಶನ, ಅಲ್ಲಿಗೆ ನಮ್ಮ ಬ್ಯಾಚ್ ಮುಗೀತು. ಆಮೇಲೆ ಅವರನ್ನ ನೋಡ್ಬೇಕು ಅಂದ್ರೆ ನಮ್ಮ ಬಿಲ್ಡಿಂಗಲ್ಲಿ ಲಿಫ್ಟ್ ಕೆಡಬೇಕು. ನಮ್ಮ ಬಿಲ್ಡಿಂಗಲ್ಲಿ ಲಿಫ್ಟೇ ಇಲ್ಲ.

ಅಷ್ಟರೊಳಗೆ ಅವರಿಗೆ ಗೊತ್ತಾಗ್ಬೇಕು. ಬಾಯಿಬಿಟ್ಟು ಹೇಳೋಕೆ ಮಾತ್ರ ನನ್ನಿಂದಾಗಲ್ಲ. ಊರಿಗೆಲ್ಲ ಬೈಯೋ ಬಾಯಿ, ಇಲ್ಲಿಗೆ ಬಂದ್ರೆ ಬೀಗ.

ಮಾರ್ಚ್ 21, ಮಂಗಳವಾರ

ಒಂಬತ್ತು ದಿನ ಡೈರಿ ಮುಟ್ಟಿಲ್ಲ, ಎಲ್ಲ ಹೊತ್ತೂ ಗೊಂಬೆಗೇ ಹೋಯ್ತು. ಕೋಟಿನ ಮಡಿಕೆಗೆ ನೀರು ಬೆರೆಸಿದ ಕಂದು ಬಣ್ಣ ಹರಿಸಿದೆ, ತಗ್ಗಲ್ಲಿ ನಿಂತು ನೆರಳಾಯ್ತು. ಉಬ್ಬಿಗೆ ಒಣ ಬ್ರಶ್ಶಲ್ಲಿ ತಿಳಿಹಳದಿ ಸವರಿದೆ. ಎದ್ದುಬಂದ್ಲು ನೋಡು! ಕೂದಲಿಗೆ ನನ್ನ ಕೂದಲ ಬಣ್ಣ. ಒಂದೆರಡು ಬಿಳಿ ಎಳೇನೂ ಹಾಕಿದೆ. ಸುಳ್ಳು ಯಾಕೆ.

ಇವತ್ತು ಕಣ್ಣು.

ನೇರಕ್ಕೆ ಚುಕ್ಕೆ ಇಟ್ರೆ ದೆವ್ವ ಕಂಡೋರ ಹಾಗೆ ಕಾಣುತ್ತೆ, ಯಾವುದಾದ್ರೂ ಒಂದು ಪಕ್ಕಕ್ಕೆ ನೋಡಿಸಿ, ಅನ್ನೋದು ಟೀಚರ್ ಪಾಠ. ಯಾವ ಪಕ್ಕ ಅಂತ ನಂಗೇ ಬಿಟ್ಟಿದ್ದು... ಆಗ ಹೊಳೀತು. ಪೇಪರ್ ಓದೋನ ಪಕ್ಕ! ಹಳದಿ ಕೋಟಿನವಳು ಅವನನ್ನ ನೋಡ್ಲಿ. ಸಾಸಿವೆಗಿಂತ ಸಣ್ಣ ಕಣ್ಣು, ಯಾರು ಗಮನಿಸ್ತಾರೆ? ಗಮನಿಸೋ ಒಬ್ಬರು ಗಮನಿಸ್ತಾರೆ. ಡಬ್ಬಿ ಜಾರೋದನ್ನ ನೋಡಿದೋರು ಇದನ್ನ ನೋಡಲ್ವಾ?

ಟೀಚರ್ ಹೇಳಿಕೊಟ್ಟ ಹಾಗೆ ಗೊಂಬೇನ ತಲೆಕೆಳಗೆ ಹಿಡ್ಕೊಂಡೆ. ಹಾಗೆ ಹಿಡಿದ್ರೆ ಮುಖ ಅನ್ನೋ ಭಯ ಇರಲ್ಲ, ಬರೀ ಉಬ್ಬು ತಗ್ಗು. ಮೊದಲು ಕೆನೆ ಬಿಳಿ. ಆಮೇಲೆ ಕಪ್ಪಲ್ಲ, ಗಾಢ ಕಂದು. ತುದಿ ಒಣಗದ ಹಾಗೆ ಉಗುರ ಮೇಲೊಮ್ಮೆ ಮುಟ್ಟಿಸಿ, ಟಕ್, ಟಕ್. ಎರಡೂ ಒಂದೇ ಸಲಕ್ಕೆ ಕೂತ್ವು. ನೆಟ್ಟಗೆ ಹಿಡಿದು ನೋಡ್ತೀನಿ, ಜೀವ ಬಂದುಬಿಟ್ಟಿದೆ! ಕುರ್ಚಿಯಿಂದ ಎದ್ದು ಕುಣಿದೆ. ಅಮ್ಮ ಒಳಗಿಂದ, "ಏನಾಯ್ತೇ, ಜಿರಳೇನಾ?"

ಮಾರ್ಚ್ 25, ಶನಿವಾರ

ನೆಲ ಬಾಯಿಬಿಟ್ಟು ನನ್ನ ನುಂಗಬಾರದಿತ್ತಾ.

ಎಲ್ಲರ ಗೊಂಬೆಗೂ ಟೀಚರ್ ವಾರ್ನಿಷ್ ಹೊಡೆದ್ರು, ಒಣಗಿದ ಮೇಲೆ ಹಲಗೆಗೆ ಅಂಟಿಸಿದ್ರು. ಸುತ್ತ ನಿಂತು ನೋಡಿದ್ವಿ. ಎಷ್ಟು ಚೆಂದ ಅಂದ್ರೆ, ಬಸ್ ಈಗ ಬಂತು ಅನ್ನೋ ಹಾಗೆ. ಟೀಚರ್ ಭೂತಗನ್ನಡಿ ಹಿಡಿದು ಒಬ್ಬೊಬ್ಬರನ್ನೇ ನೋಡ್ತಾ ಬಂದೋರು ನನ್ನವಳ ಹತ್ರ ನಿಂತ್ರು.

"ಅಯ್ಯಯ್ಯೋ ಕನ್ನಡಕಾ! ನಿನ್ನವಳು ಪೊಲೀಸ್‌ನ ಹೇಗೆ ನೋಡ್ತಿದಾಳೆ ನೋಡೇ! ಕಣ್ಣಲ್ಲೇ ತಿಂದುಬಿಡೋ ಹಾಗೆ!"

ತಲೆಕೆಳಗೆ ಹಿಡಿದಾಗ ಈ ಕಡೆ ಅಂದ್ಕೊಂಡಿದ್ದು ನೆಟ್ಟಗೆ ನಿಲ್ಲಿಸಿದಾಗ ಆ ಕಡೆ. ಅಷ್ಟು ಸಣ್ಣ ವಿಷಯ ನನ್ನ ಮಂಡೆಗೆ ಹೋಗಲಿಲ್ಲ. ದಿನಾ ಜನರ ಎಡಗಣ್ಣು ಬಲಗಣ್ಣು ಅಳೆದು ಸಂಬಳ ತಗೊಳ್ತೀನಿ ನಾನು!

ಪೊಲೀಸಿಗೆ ಬ್ಯಾಂಕು ಬೇರೆ ತಮ್ಮದೇ ಮೀಸೆ ಬರೆದಿದಾರೆ. ಮೀಸೆ ತೀಡ್ಕೊಂಡು, "ನನ್ನ ಹೆಂಡತಿಗೆ ಹೇಳ್ಬೇಡಿ ಮೇಡಂ," ಅಂದ್ರು. ಎಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ, ಅಳೋಕಾಗುತ್ತಾ ಅಲ್ಲಿ.

ಲಿಫ್ಟು ನಗಲಿಲ್ಲ. ಭೂತಗನ್ನಡಿ ಇಸ್ಕೊಂಡು ತುಂಬಾ ಹೊತ್ತು ನೋಡಿದ್ರು. ವಾಪಸ್ ಕೊಟ್ರು. ಕೆಲಸ ಇದೆ ಅಂತ ಹೊರಟೇಹೋದ್ರು.

ಮಾರ್ಚ್ 26

ಬರೆಯಲ್ಲ.

ಮಾರ್ಚ್ 30, ಗುರುವಾರ

ಇವತ್ತು ಒಬ್ಬ ಗಿರಾಕಿಯ ಗಾಜು ಅದಲುಬದಲು ಕೂರಿಸಿದೆ. ಓನರ್ ತಾವೇ ಕೂತು ಸರಿ ಮಾಡಿದ್ರು, ಅದೇ ಹೆಚ್ಚು ಚುಚ್ಚಿತು.

ಅಮ್ಮ ತಟ್ಟೆ ಮುಂದಿಟ್ಟು ಎದುರಿಗೆ ಕೂತ್ಲು. "ನಾಕು ದಿನದಿಂದ ನೋಡ್ತಿದೀನಿ. ಮುಖ ಊದಿಸ್ಕೊಂಡು ಓಡಾಡ್ತಿದೀಯ. ಏನು?"

"ಗೊಂಬೆ ಕಣ್ಣು ತಪ್ಪಾಯ್ತಮ್ಮ."

"ತಪ್ಪಾದ್ರೆ ಸರಿ ಮಾಡು. ಅದಕ್ಕೆ ಊಟ ಯಾಕೆ ಬಿಡ್ಬೇಕು?"

"ವಾರ್ನಿಷ್ ಆದ ಮೇಲೆ ಮುಟ್ಟಬಾರದು ಅಂತಾರೆ ಟೀಚರ್."

"ಮುಟ್ಟಿದ್ರೆ ಏನು, ಜೈಲಿಗೆ ಹಾಕ್ತಾರಾ?"

ಇಲ್ಲ, ಹಾಕಲ್ಲ. ಭಾನುವಾರ ಹಾಲ್ ತೆಗೆಯೋದು ಹತ್ತಕ್ಕೆ. ಟೀಚರ್ ಹಲಗೆ ಇಡೋಕೆ ಎಂಟಕ್ಕೇ ಬರ್ತಾರೆ. ಹೋಗ್ತೀನಿ. ತಿರುಗಿಸ್ತೀನಿ ಅವಳ ಕಣ್ಣನ್ನ.

ಏಪ್ರಿಲ್ 2, ಭಾನುವಾರ. ಸಂಜೆ ನಾಲ್ಕು

ಕೂತು ಬರೀತಿದೀನಿ ಅನ್ನೋದೇ ದೊಡ್ಡದು. ಕಾಲು ನೆಲದ ಮೇಲೆ ನಿಲ್ತಿಲ್ಲ.

ಎಂಟಕ್ಕೆ ಹೋದೆ. ಟೀಚರ್ ಹಲಗೆ ಇಟ್ಟು ಟೀ ಕುಡಿಯೋಕೆ ಕೆಳಗೆ ಹೋಗಿದ್ರು. ಹಾಲಲ್ಲಿ ಒಬ್ಬರೇ ಒಬ್ಬರು. ತಲೆಗೆ ಭೂತಗನ್ನಡಿ ಪಟ್ಟಿ ಕಟ್ಕೊಂಡು ಹಲಗೆ ಮೇಲೆ ಬಗ್ಗಿದಾರೆ, ಕೈಲಿ ಬ್ರಶ್ಶು.

"ಏನ್ ಮಾಡ್ತಿದೀರಾ!" ಅಂದೆ. ನನ್ನ ಗಂಟಲು ಗೊತ್ತಲ್ಲ. ಲಿಫ್ಟು ಬೆಚ್ಚಿಬಿದ್ರು. ಬ್ರಶ್ಶು ಪೇಪರ್ ಓದೋನ ಕಣ್ಣಿಂದ ಕಿವಿವರೆಗೆ ಗೆರೆ ಎಳೀತು.

ಪುಣ್ಯಕ್ಕೆ ಅಡಿಯಲ್ಲಿ ವಾರ್ನಿಷ್ ಇತ್ತು. ಒದ್ದೆ ಬ್ರಶ್ಶಲ್ಲಿ ಒರೆಸಿದ್ರೆ ಗೆರೆ ಹೋಯ್ತು. ಬಗ್ಗಿ ನೋಡ್ದೆ. ಕೆಳಗೆ ಬಿಟ್ಟಿದ್ದ ರೆಪ್ಪೆ ತೆರೆಸಿ ಕಣ್ಣು ಬರೆದಿದಾರೆ. ಅವನು ಪೇಪರ್ ಓದ್ತಿಲ್ಲ. ಹಳದಿ ಕೋಟಿನವಳನ್ನ ನೋಡ್ತಿದಾನೆ.

"ಓದ್ತಿದ್ನಲ್ಲ ಇವನು?" ಅಂದೆ.

"ಓದಿದ್ದು ಸಾಕು ಅನ್ನಿಸ್ತು."

"ಅವಳು ಪೊಲೀಸ್‌ನ ನೋಡ್ತಿದಾಳೆ."

"ನೋಡ್ಲಿ ಬಿಡಿ. ಇವನು ಅವಳನ್ನ ನೋಡೋಕೆ ಅದೇನು ಅಡ್ಡಿ ಇಲ್ಲ."

ಎಂಟು ದಿನ ಈ ಮನುಷ್ಯ ಇದನ್ನ ಒಳಗಿಟ್ಕೊಂಡು ಊರ ತುಂಬ ಲಿಫ್ಟ್ ಹತ್ತಿಳಿದಿದಾರೆ! ಬ್ಯಾಗಿಂದ ನನ್ನ ಬ್ರಶ್ಶು, ಬಣ್ಣ ತೆಗೆದೆ. "ಸರೀರಿ ಆ ಕಡೆ," ಅಂದೆ.

ಅಂಟಿಸಿದ ಗೊಂಬೆ, ತಲೆಕೆಳಗೆ ಮಾಡೋ ಹಾಗಿಲ್ಲ. ಒಳ್ಳೇದೇ ಆಯ್ತು. ಅವರು ಹಲಗೆಯನ್ನ ಎರಡೂ ಕೈಲಿ ಅದುಮಿ ಹಿಡಿದ್ರು. ನಾನು ಮೊಣಕೈ ಎರಡೂ ಮೇಜಿಗೂರಿ, ಮೊದಲನೇ ಕಣ್ಣಿಗೆ ಕೆನೆ ಬಿಳಿ ಹಾಕಿ ಊದಿದೆ. ಒಣಗ್ತು. "ಉಸಿರು ಬಿಡ್ತಾ ಚುಕ್ಕೆ ಇಡಿ, ಕೈ ನಿಲ್ಲುತ್ತೆ," ಅಂದ್ರು, ಕಿವಿ ಹತ್ರಾನೇ. ಹಾಗೆ ಹತ್ರ ಬಂದು ಹೇಳಿದ್ರೆ ಯಾರ ಕೈ ನಿಲ್ಲುತ್ತೆ? ಆದ್ರೂ ಇಟ್ಟೆ. ಈಗ ಅವಳ ಒಂದು ಕಣ್ಣು ಪೊಲೀಸ್ ಮೇಲೆ, ಇನ್ನೊಂದು ಇವನ ಮೇಲೆ. ನಗು ಬಂತು. ನಗ್ತಾನೇ ಹೇಳಿದೆ.

"ಮೊದಲಿಂದಾನೂ ಇವನನ್ನೇ ನೋಡ್ಬೇಕಿತ್ತು ಇವಳು. ತಲೆಕೆಳಗೆ ಹಿಡ್ಕೊಂಡು ಕೆಡಿಸಿದ್ದು ನಾನು. ನಂಗೆ ನೀವು ತುಂಬಾ ಇಷ್ಟ."

ಅವರು ಹಲಗೆಯನ್ನ ಇನ್ನೂ ಗಟ್ಟಿಯಾಗಿ ಅದುಮಿದ್ರು.

"ಇನ್ನೊಂದು ಕಣ್ಣು ಬಾಕಿ ಇದೆ," ಅಂದ್ರು.

ಸಿಟ್ಟು ನೆತ್ತಿಗೇರ್ತು. "ನಾನೇನು ಹೇಳ್ದೆ, ನೀವೇನು ಹೇಳ್ತಿದೀರಾ! ಕಿವಿ ಕೇಳ್ಸುತ್ತಾ ನಿಮಗೆ?"

"ಕೇಳಿಸ್ತು ರೀ. ಈಗ ನಾನು ಉತ್ತರ ಹೇಳಿದ್ರೆ ನಿಮ್ಮ ಕೈ ನಡುಗುತ್ತೆ. ನನ್ನದಂತೂ ಆಗ್ಲೇ ನಡುಗ್ತಿದೆ, ಹಲಗೆ ನೋಡಿ. ಮೊದಲು ಅದನ್ನ ಮುಗಿಸಿ."

ಹೌದು, ಬಸ್ ಸ್ಟಾಪಿನ ಕಂಬ ಸಣ್ಣಗೆ ಅಲ್ಲಾಡ್ತಿತ್ತು.

ಬಿಳಿ ಹಾಕ್ದೆ. ಊದಿದೆ. ಉಗುರಿಗೆ ಮುಟ್ಟಿಸಿದೆ. ಉಸಿರು ಬಿಟ್ಟೆ. ಇಟ್ಟೆ. ನನ್ನ ಜನ್ಮದಲ್ಲಿ ಇಷ್ಟು ಒಳ್ಳೆ ಕಣ್ಣು ಹಾಕಿಲ್ಲ.

"ಆಯ್ತು. ಹೇಳಿ ಈಗ."

ಭೂತಗನ್ನಡಿ ಮೇಲಕ್ಕೆತ್ತಿದ್ರು. ಕಣ್ಣು ಒದ್ದೆ. "ನಂಗೂ," ಅಂದ್ರು. ಆಮೇಲೆ ತಲೆಯ ಪಟ್ಟಿ ಬಿಚ್ಚಿಟ್ಟು, "ನಿಮ್ಮ ತಾಯಿನ ಮಾತಾಡಿಸೋಕೆ ಯಾವತ್ತು ಬರ್ಲಿ?"

"ಇವತ್ತೇ. ಐದಕ್ಕೆ." ನನ್ನ ಬಾಯಿಯ ಬೀಗ ಒಡೆದಿತ್ತು, ಏನು ಮಾಡೋದು.

ಟೀಚರ್ ಟೀ ಮುಗಿಸಿ ಬಂದೋರು ಭೂತಗನ್ನಡಿ ಹಿಡಿದು ಹಲಗೆ ನೋಡಿದ್ರು. ನಮ್ಮಿಬ್ಬರನ್ನ ನೋಡಿದ್ರು. ಮತ್ತೆ ಹಲಗೆ ನೋಡಿದ್ರು. "ವಾರ್ನಿಷ್ ಆದ ಮೇಲೆ ಮುಟ್ಟಬಾರದು ಅಂತ ಬಡ್ಕೊಂಡೆ," ಅಂದ್ರು, ನಗು ತಡ್ಕೊಳ್ಳೋಕಾಗ್ದೆ. ಬ್ಯಾಂಕಿಗೆ ಮಾತ್ರ ಬೇಜಾರು. "ನಮ್ಮ ಪೊಲೀಸ್ ಏನು ತಪ್ಪು ಮಾಡಿದ್ದ ಮೇಡಂ?"

ಮೂರೂವರೆಗೆ ಮನೆಗೆ ಬಂದೆ. ಬಂದು ಅರ್ಧ ಗಂಟೆ ಆಯ್ತು, ಅಮ್ಮನಿಗೆ ಇನ್ನೂ ಹೇಳಿಲ್ಲ. ಪಕ್ಕದ ರೂಮಲ್ಲಿ ಬಟ್ಟೆ ಮಡಚ್ತಿದಾಳೆ. ಈ ಸಾಲು ಮುಗಿಸಿ ಎದ್ದು ಹೋಗ್ತೀನಿ, ಒಂದೇ ಉಸಿರಿಗೆ ಹೇಳ್ಬಿಡ್ತೀನಿ. ಹೇಗೆ ಶುರು ಮಾಡೋದು? ಅಮ್ಮಾ, ಒಬ್ಬರು ಲಿಫ್ಟ್ ರಿಪೇರಿಯವರು ಬರ್ತಾರೆ... ಲಿಫ್ಟ್ ಎಲ್ಲಿದೆಯೇ ಅಂತಾಳೆ. ಅಮ್ಮಾ, ನಂಗೆ

ಬಾಗಿಲು ಬಡೀತಿದಾರೆ! ಇನ್ನೂ ನಾಲ್ಕೂಕಾಲು! ಅಮ್ಮ ಎದ್ಲು, ಹೋಗ್ತಿದಾಳೆ. ಅಮ್ಮಾ, ತಡಿಯೇ, ನಾನು ತೆಗೀ